ಕಾಂತವನ್ನು ಹೊರದೂಡುವ ಲೋಹ

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಎಂಬ ವಿಜ್ಞಾನಿ ಪಾದರಸವನ್ನು ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿದಾಗ ಅದರ ವಿದ್ಯುತ್ ರೋಧವು ಥಟ್ಟನೆ ಮಾಯವಾಯಿತು. ಇಂಥ ವಸ್ತುಗಳಿಗೆ ಅತಿವಾಹಕಗಳೆಂದು ಹೆಸರು.

ಅತಿವಾಹಕವೆಂದರೆ ರೋಧವಿಲ್ಲದ ಲೋಹ, ಅಷ್ಟೇ ಎಂದು ಇಪ್ಪತ್ತೆರಡು ವರ್ಷಗಳ ಕಾಲ ವಿದ್ವಾಂಸರು ಬಗೆದಿದ್ದರು. ಅದು ನಿಜವಾಗಿದ್ದರೆ, ಕಾಂತಕ್ಷೇತ್ರದ ನಡುವೆ ಇರಿಸಿ ತಣಿಸಿದ ಲೋಹವು ತನ್ನೊಳಗೆ ಹೊಕ್ಕಿದ್ದ ಕ್ಷೇತ್ರವನ್ನು ಹಾಗೆಯೇ ಹಿಡಿದಿಟ್ಟುಕೊಳ್ಳಬೇಕಾಗಿತ್ತು. 1933ರಲ್ಲಿ ಬರ್ಲಿನ್ನಿನಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಎಂಬವರು ತವರ, ಸೀಸಗಳನ್ನು ಪರೀಕ್ಷಿಸಿದರು. ಕಂಡದ್ದು ಬೇರೆಯೇ. ಲೋಹವು ಅತಿವಾಹಕವಾದೊಡನೆ ಅದರ ಹೊರಬದಿಯ ಕ್ಷೇತ್ರ ಹೆಚ್ಚಿತು, ಒಳಗಿದ್ದುದು ಹೊರಬಿದ್ದಿತ್ತು! ಲೋಹದ ಮೇಲ್ಮೈಯ ಅತಿ ತೆಳುವಾದ ಪದರದಲ್ಲಿ ವಿದ್ಯುತ್ ಪ್ರವಾಹವೊಂದು ತಾನಾಗಿಯೇ ಹುಟ್ಟಿ, ಎದುರು ಕ್ಷೇತ್ರವನ್ನು ಒಡ್ಡಿ, ಒಳಗಿನ ಕ್ಷೇತ್ರವನ್ನು ಅಳಿಸಿಬಿಡುತ್ತದೆ. ತಣಿಸಿದ ಸೀಸದ ಬಟ್ಟಲಿನ ಮೇಲೆ ಪುಟ್ಟ ಅಯಸ್ಕಾಂತವು ಯಾವ ಆಸರೆಯೂ ಇಲ್ಲದೆ ತೇಲಿ ನಿಲ್ಲುವುದು ಇದರಿಂದಲೇ.

ಇದಕ್ಕೆ ಕಾರಣವೇನು? 1935ರಲ್ಲಿ ಲಂಡನ್ ಎಂಬ ಮನೆತನದ ಹೆಸರಿನ ಇಬ್ಬರು ಸೋದರರು ಈ ವರ್ತನೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ಕಾರಣ ದೊರೆತುದು 1957ರಲ್ಲಿ. ಪರಸ್ಪರ ವಿಕರ್ಷಿಸಬೇಕಾದ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳ ಕಂಪನದ ಮೂಲಕ ಜೋಡಿಗೂಡುತ್ತವೆ, ಜೋಡಿಗಳೆಲ್ಲವೂ ಒಂದೇ ಸ್ಥಿತಿಯಲ್ಲಿ ನೆಲೆಸುತ್ತವೆ ಎಂದು ಅಮೆರಿಕದ ಬಾರ್ಡೀನ್, ಕೂಪರ್, ಶ್ರೀಫರ್ ಸಾಧಿಸಿದರು. 1972ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಕಂಡುಹಿಡಿದ ತಾಮ್ರದ ಆಕ್ಸೈಡುಗಳ ಅತಿವಾಹಕತೆಗೆ ಕಂಪನದ ವಿವರಣೆ ಸಾಲದು; ಎಲ್ಲರೂ ಒಪ್ಪುವ ಬೇರೆ ಉತ್ತರವೂ ಇಂದಿಗೂ ದೊರೆತಿಲ್ಲ. ಕ್ಯಾಲಿಫೋರ್ನಿಯದ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿಯಂತೂ ತವರ, ಸೀಸಗಳ ವಿಷಯದಲ್ಲಿಯೇ ತಕರಾರು ತೆಗೆದರು. ಕ್ಷೇತ್ರವು ಹೊರಹೋಗುವಾಗ ಫ್ಯಾರಡೆಯ ನಿಯಮದಂತೆ ಹುಟ್ಟುವ ಬಲವು ಆ ಬದಲಾವಣೆಯನ್ನು ತಡೆಯಬೇಕು. ಎಲೆಕ್ಟ್ರಾನುಗಳಾದರೋ ಆ ಬಲಕ್ಕೆ ಇದಿರಾಗಿ ಓಡುತ್ತವೆ. ಅವನ್ನು ನೂಕುವವರು ಯಾರು? ಅವು ಒಂದು ದಿಕ್ಕಿನಲ್ಲಿ ಸುತ್ತತೊಡಗಿದರೆ ಲೋಹದ ತುಂಡು ಮರುದಿಕ್ಕಿಗೆ ತಿರುಗಬೇಕು. ಆ ಚಲನೆಯು ಕಾವು ಹುಟ್ಟಿಸದೆ ಪರಮಾಣುಗಳಿಗೆ ದಾಟುವುದು ಹೇಗೆ? ಕ್ಷೇತ್ರವಿಲ್ಲದ ಸ್ಥಿತಿಗೆ ಕಡಿಮೆ ಶಕ್ತಿ ಸಾಕು, ಆದುದರಿಂದ ಲೋಹವು ಅದನ್ನೇ ಸೇರುತ್ತದೆಂಬುದು ರೂಢಿಯ ಉತ್ತರ. ನೀರು ತಗ್ಗಿಗೆ ಇಳಿಯುತ್ತದೆಂದರೆ ಸಾಲದು, ಇಳಿದ ದಾರಿಯನ್ನೂ ತೋರಿಸಬೇಕೆಂಬುದು ಹಿರ್ಷ್ ಅವರ ಹಟ. ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಅವರೇ ಹೂಡಿದ ಹೊಸ ಸಿದ್ಧಾಂತವನ್ನು ಬಹುಪಾಲು ವಿಜ್ಞಾನಿಗಳು ಒಪ್ಪಿಲ್ಲ.