ಟ್ರ್ಯಾಕ್ಟರ್ ಸ್ಟೇರಿಂಗಿನ ಎಣ್ಣೆ ಪೈಪು ಸೋರಿದರೆ



ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯ ಭತ್ತದ ಗದ್ದೆಗಳಲ್ಲಾಗಲಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಎರೆ, ಮಸಾರಿ ಹೊಲಗಳಲ್ಲಾಗಲಿ, ಎತ್ತುಗಳ ಬಹುಪಾಲು ಕೆಲಸವನ್ನು ಈಗ ಟ್ರ್ಯಾಕ್ಟರು ಮಾಡುತ್ತಿದೆ. ಬಂಡಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಟ್ರ್ಯಾಕ್ಟರಿನ ಎಣ್ಣೆ ಪೈಪುಗಳ ಮೇಲೂ ಅಂಥ ಎಚ್ಚರ ಬೇಕು. ಅವುಗಳಲ್ಲಿ ಪವರ್ ಸ್ಟೇರಿಂಗಿನ ಪೈಪು ಮುಖ್ಯವಾದುದು.

ಎಣ್ಣೆ ಮಾಡುವ ಕೆಲಸ

ಇಂಜಿನು ತಿರುಗಿಸುವ ಪಂಪು ಎಣ್ಣೆಯನ್ನು ಒತ್ತಿ ಕಳುಹಿಸುತ್ತದೆ. ಆ ಒತ್ತಡವೇ ಮುಂದಿನ ಗಾಲಿಗಳನ್ನು ಹೊರಳಿಸುತ್ತದೆ. ಕೆಲಸ ಮುಗಿದ ಎಣ್ಣೆ ಇನ್ನೊಂದು ಪೈಪಿನಿಂದ ತೊಟ್ಟಿಗೆ ಮರಳುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಸ್ಟೇರಿಂಗಿಗೂ ಗಾಲಿಗೂ ನಡುವೆ ಎಣ್ಣೆಯ ಹೊರತು ಬೇರೆ ಕಬ್ಬಿಣದ ಕೊಂಡಿ ಇರುವುದಿಲ್ಲ. ಎಣ್ಣೆ ಪೂರ್ತಿ ಸೋರಿಹೋದರೆ ಸ್ಟೇರಿಂಗ್ ತಿರುಗಿಸಿದರೂ ಗಾಲಿ ಹೊರಳದು. ಕಾಲುವೆಯ ದಂಡೆಯ ಮೇಲೆ ಭತ್ತದ ಚೀಲ ಹೇರಿಕೊಂಡು ಬರುವಾಗ ಹೀಗಾದರೆ ಪ್ರಾಣಕ್ಕೇ ಸಂಚಕಾರ. ಸ್ಟೇರಿಂಗ್ ಬಿಗಿಯಾದರೆ, ತಿರುಗಿಸುವಾಗ ಪಂಪು ಕಿರುಗುಟ್ಟಿದರೆ, ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಕಲೆ ಕಂಡರೆ, ಅಂದೇ ನೋಡತಕ್ಕದ್ದು.

ಕೈಯಿಂದ ಮುಟ್ಟಬೇಡಿ

ಟ್ರ್ಯಾಕ್ಟರಿನ ಹಿಂಗಾಲಿಯಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಸ್ಟೇರಿಂಗ್ ಪೂರ್ತಿ ಹೊರಳಿಸಿದಾಗ ಒತ್ತಡದ ಪೈಪಿನಲ್ಲಿ ಅದು 100 ಕಿಲೋಗ್ರಾಂ ಆಸುಪಾಸಿಗೆ ಏರಬಹುದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಇಳಿಯುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಕೆಲವು ತಾಸುಗಳಲ್ಲಿ ಕೈ ಬಾತು, ಒಳಗಿನ ಮಾಂಸ ಸತ್ತು, ಬೆರಳನ್ನೇ ಕತ್ತರಿಸಬೇಕಾಗಬಹುದು. ಹೀಗಾದವರು ಅರಿಶಿನ ಹಚ್ಚಿಕೊಂಡು ಮನೆಯಲ್ಲಿ ಕೂಡಬಾರದು. 108ಕ್ಕೆ ಕರೆಮಾಡಿ, ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಬೇಕು. “ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ” ಎಂದು ವೈದ್ಯರಿಗೆ ತಿಳಿಸಬೇಕು.

ಸೋರುವ ಜಾಗ ಹುಡುಕುವ ಕ್ರಮ

ಮೊದಲು ಇಂಜಿನು ನಿಲ್ಲಿಸಿ, ಆರಿದ ಮೇಲೆ ಪೈಪುಗಳನ್ನು ಬಟ್ಟೆಯಿಂದ ಒರೆಸಿ ನೋಡಿ. ತಿಕ್ಕಿ ಸವೆದ ಜಾಗ, ಬಿರುಕು, ಉಬ್ಬು, ಸಡಿಲ ಕೂಡಿಕೆ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತವೆ. ಕಾಣದಿದ್ದರೆ ಹ್ಯಾಂಡ್ ಬ್ರೇಕ್ ಹಾಕಿ, ಗೇರು ತೆಗೆದು ಇಂಜಿನು ಸುರುಮಾಡಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಆಚೀಚೆ ತಿರುಗಿಸಲಿ. ಇನ್ನೊಬ್ಬರು ಕಣ್ಣಿಗೆ ಕನ್ನಡಕ ಹಾಕಿ, ಉದ್ದ ಕೋಲಿನ ತುದಿಗೆ ಕಟ್ಟಿದ ರಟ್ಟನ್ನು ಪೈಪಿನ ಬಳಿ ಹಿಡಿಯಲಿ. ರಟ್ಟು ಒದ್ದೆಯಾದ ಕಡೆಯಲ್ಲೇ ಸೋರಿಕೆ ಇದೆ ಎಂದು ತಿಳಿಯಿರಿ.

ರಿಪೇರಿ

ಕ್ಲಿಪ್ಪು ಹಾಕಿದ, ಎಣ್ಣೆ ಮರಳುವ ಪೈಪು ಬರಿ ತುದಿಯಲ್ಲಿ ಬಿರಿದಿದ್ದು, ಉದ್ದ ಸಾಲುವಂತಿದ್ದರೆ, ಆ ತುದಿ ಕತ್ತರಿಸಿ ಹೊಸ ಕ್ಲಿಪ್ಪಿನಿಂದ ಬಿಗಿಯಬಹುದು. ಎರಡೂ ತುದಿಗೆ ಲೋಹದ ನಟ್ಟು ಒತ್ತಿ ಕೂಡಿಸಿದ ಒತ್ತಡದ ಪೈಪಿಗೆ ತೇಪೆ ಸಲ್ಲದು. ಟ್ಯೂಬಿನ ಚೂರು, ತಂತಿ, ಅಂಟು ಯಾವುದೂ ಅಲ್ಲಿ ನಿಲ್ಲದು. ಅದನ್ನು ಬದಲಿಸಲೇಬೇಕು. ಹಳೆಯ ಪೈಪನ್ನೇ ಅಂಗಡಿಗೆ ಒಯ್ದು, ಅದೇ ಉದ್ದ, ಅದೇ ಒಳಗಾತ್ರ, ಅದೇ ಹರಳಿನ ನಟ್ಟು, ಅಷ್ಟೇ ಒತ್ತಡ ತಾಳುವ ಪೈಪು ತನ್ನಿರಿ. ಹಳೆಯ ಕಾರು, ಜೀಪುಗಳಿಗೂ ಇದೇ ನಿಯಮ.

1. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಸಲಕರಣೆಯನ್ನು ನೆಲಕ್ಕಿಳಿಸಿ, ಚಾವಿ ತೆಗೆಯಿರಿ. ಇಂಜಿನು ಆರಿದ ಮೇಲೆ ಸ್ಟೇರಿಂಗನ್ನು ನಾಲ್ಕೈದು ಸಲ ಆಚೀಚೆ ತಿರುಗಿಸಿ ಒತ್ತಡ ಇಳಿಸಿರಿ.

2. ಕೆಳಗೆ ಬುಟ್ಟಿ ಇಟ್ಟು, ಎರಡು ಪಾನಾ ಬಳಸಿ ಬಿಚ್ಚಿರಿ: ಒಂದು ಹಿಡಿದಿರಲಿ, ಒಂದು ತಿರುಗಲಿ. ತೆರೆದ ಬಾಯಿಗಳಿಗೆ ಶುದ್ಧ ಬಟ್ಟೆ ಕಟ್ಟಿ. ಮಣ್ಣಿನ ಕಣ ಒಳಗೆ ಹೋದರೆ ಪಂಪು ಸವೆಯುತ್ತದೆ.

3. ವಾಶರು ಹೊಸದಿರಲಿ. ನಟ್ಟನ್ನು ಮೊದಲು ಕೈಯಿಂದ ಕೂಡಿಸಿ, ಆಮೇಲೆ ಬಿಗಿಯಿರಿ. ಪೈಪು ತಿರುಚಿಕೊಳ್ಳಬಾರದು, ಸೈಲೆನ್ಸರು, ಬೆಲ್ಟುಗಳಿಗೆ ತಾಗಬಾರದು.

4. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿರಿ. ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಮುಂಗಾಲಿಗಳನ್ನು ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಇಡಿರಿ. ಇಂಜಿನು ನಿಧಾನವಾಗಿ ಓಡುತ್ತಿರುವಾಗ ಸ್ಟೇರಿಂಗನ್ನು ಕೊನೆಯಿಂದ ಕೊನೆಗೆ ಮೆಲ್ಲಗೆ ಹಲವು ಸಲ ತಿರುಗಿಸಿರಿ. ಕೊನೆಯಲ್ಲಿ ಒತ್ತಿ ಹಿಡಿಯಬಾರದು. ಎಣ್ಣೆಯ ಗುಳ್ಳೆಗಳು ನಿಂತರೆ ಗಾಳಿ ಹೋದಂತೆ. ಇಂಜಿನು ನಿಲ್ಲಿಸಿ, ಎಣ್ಣೆಯ ಮಟ್ಟ ನೋಡಿ, ಕಡಿಮೆ ಇದ್ದರೆ ತುಂಬಿರಿ. ಕೂಡಿಕೆಗಳನ್ನು ರಟ್ಟಿನಿಂದ ಮತ್ತೊಮ್ಮೆ ಪರೀಕ್ಷಿಸಿರಿ.

ಬುಟ್ಟಿಯ ಹಳೆಯ ಎಣ್ಣೆಯನ್ನು ಕಾಲುವೆಗೆ ಸುರಿಯಬೇಡಿ. ಬಿಸಿ ಸೈಲೆನ್ಸರಿನ ಮೇಲೆ ಎಣ್ಣೆ ಹನಿಯುವ ಗಾಡಿಯನ್ನು ಹುಲ್ಲಿನ ಬಣವೆಯ ಹತ್ತಿರ ಒಯ್ಯಬೇಡಿ. ಸುಗ್ಗಿ ಬರುವ ಮೊದಲೇ ನಿಮ್ಮ ಗಾಡಿಯ ಪೈಪುಗಳನ್ನು ಒಮ್ಮೆ ಒರೆಸಿ ನೋಡಿರಿ. ಗಾಡಿ ಓಡಿಸುವ ಮಕ್ಕಳಿಗೂ ಆಳುಗಳಿಗೂ ರಟ್ಟಿನ ಪಾಠವನ್ನು ತಪ್ಪದೆ ಕಲಿಸಿರಿ.