ಒಂದೇ ಶಾಖೆ, ಎರಡು ಕಾಲದ ಸಿಬ್ಬಂದಿ: ಬ್ಯಾಂಕ್ ಮ್ಯಾನೇಜರಿಗೆ ಆರು ಸೂತ್ರಗಳು

ಸರ್ಕಾರಿ ಬ್ಯಾಂಕಿನ ಶಾಖೆಗೆ ಹೋದರೆ, ಒಂದು ಕೌಂಟರಿನಲ್ಲಿ ಲೆಡ್ಜರ್ ಬರೆದು ಕೈ ಪಳಗಿದವರು, ಪಕ್ಕದಲ್ಲೇ ಯುಪಿಐ ಬಂದ ಮೇಲೆ ಕೆಲಸಕ್ಕೆ ಸೇರಿದವರು. ನಡುವಯಸ್ಸಿನವರು ವಿರಳ. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು ಒಂದು ಲಕ್ಷ ನೌಕರರು ಹೊರನಡೆದರು, ಆ ಕಾಲದಲ್ಲಿ ನೇಮಕಾತಿಯೂ ಬಹುತೇಕ ನಿಂತಿತ್ತು. 2011ರಲ್ಲಿ ಐಬಿಪಿಎಸ್ ಸಾಮಾನ್ಯ ಪರೀಕ್ಷೆ ಶುರುವಾದ ಮೇಲೆ ಹೊಸಬರು ದಂಡುಗಟ್ಟಿ ಬಂದರು. ಇವರ ಮಾತು ಅವರಿಗೆ ದಾಟಿಸುವ ನಡುವಿನವರೇ ಇಲ್ಲದ ಕಡೆ ಆ ಹೊಣೆ ಮ್ಯಾನೇಜರ್ ಹೆಗಲಿಗೆ ಬೀಳುತ್ತದೆ.

1. ವಯಸ್ಸಿಗಿಂತ ಸೇರಿದ ವರ್ಷ ಮುಖ್ಯ. 2010ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಇರುವುದು ಎನ್‌ಪಿಎಸ್. ‘ಇನ್ನೆರಡು ವರ್ಷ, ಹೇಗೋ ಕಳೆದುಬಿಡೋಣ’ ಎನ್ನುವ ಹಿರಿಯರೂ, ರಜೆ ದಿನ ಬೇರೆ ಪರೀಕ್ಷೆಗೆ ಓದುವ ಕಿರಿಯರೂ ತಮ್ಮ ತಮ್ಮ ಲೆಕ್ಕಾಚಾರದಲ್ಲಿ ಸರಿಯಾಗಿಯೇ ಇದ್ದಾರೆ. ಒಬ್ಬರನ್ನು ಸೋಮಾರಿ, ಇನ್ನೊಬ್ಬರನ್ನು ನಿಷ್ಠೆಯಿಲ್ಲದವರು ಎಂದು ಕರೆಯುವುದು ಅನ್ಯಾಯ.

2. ‘ನಮ್ಮ ಬ್ಯಾಂಕಲ್ಲಿ ಹೀಗಿರಲಿಲ್ಲ’ ಎಂದಾಗ ಬಾಯಿ ಮುಚ್ಚಿಸಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಮೂರು ದಶಕ ಅನ್ನ ಕೊಟ್ಟ ಹೆಸರು ಬೋರ್ಡಿನಿಂದ ಇಳಿದ ನೋವು ಸಣ್ಣದಲ್ಲ. ಹಳೆಯ ಪದ್ಧತಿಯಲ್ಲಿ ಏನು ಚೆನ್ನಾಗಿತ್ತು ಎಂದು ಕೇಳಿ. ಶಾಖೆಯ ಮಟ್ಟದಲ್ಲಿ ಮಾಡಬಹುದಾದದ್ದಿದ್ದರೆ ಮಾಡಿ.

3. ಇಬ್ಬರನ್ನೂ ಒಂದೇ ಕೆಲಸಕ್ಕೆ ಜೋಡಿ ಮಾಡಿ. ನವೆಂಬರಿನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರಕ್ಕೆ ಸಾಲುಗಟ್ಟಿದಾಗ ನೋಡಬೇಕು. ಕಿರಿಯ ಆಫೀಸರ್ ಯಂತ್ರ ಮುಂದಿಡುತ್ತಾರೆ. ಅಜ್ಜಿಯ ಬೆರಳಿನ ಗೆರೆ ಸವೆದಿದೆ, ಅಚ್ಚು ಹೊಂದುವುದಿಲ್ಲ. ಎರಡು ಸಲ, ಮೂರು ಸಲ. ಅಜ್ಜಿಗೆ ಗಾಬರಿ: ಪಿಂಚಣಿ ನಿಂತೇಹೋಯಿತೇ? ಆಗ ಪಕ್ಕದ ಹಿರಿಯ ಕ್ಲರ್ಕ್ ಎದ್ದು ಬಂದು, ‘ಕೂತ್ಕೊಳ್ಳಮ್ಮ, ಕಾಗದದ ಫಾರಂ ಇದೆ’ ಎನ್ನುತ್ತಾರೆ. ಒಬ್ಬರಿಗೆ ಯಂತ್ರ ಗೊತ್ತು, ಇನ್ನೊಬ್ಬರಿಗೆ ಅದು ಕೈಕೊಟ್ಟಾಗಿನ ದಾರಿಯೂ ಅಜ್ಜಿಯ ಹೆಸರೂ ಗೊತ್ತು. ಆ ಹತ್ತು ನಿಮಿಷದಲ್ಲಿ ಇಬ್ಬರೂ ಕಲಿಯುವಷ್ಟನ್ನು ಯಾವ ತರಬೇತಿ ಕೇಂದ್ರವೂ ಕಲಿಸಲಾರದು. ಇಂಥ ಜೋಡಿಯನ್ನು ಆಕಸ್ಮಿಕಕ್ಕೆ ಬಿಡದೆ ಡ್ಯೂಟಿ ಪಟ್ಟಿಯಲ್ಲೇ ಹಾಕಿ.

4. ವಾಟ್ಸಾಪ್ ಗ್ರೂಪು ಮಾಹಿತಿಗೆ ಸಾಕು. ಟಾರ್ಗೆಟ್ ತಪ್ಪಿದವರ ಹೆಸರು ಅಲ್ಲಿ ಹಾಕಬೇಡಿ. ಹಿರಿಯರಿಗೆ ಅವಮಾನ, ಕಿರಿಯರಿಗೆ ರಾಜೀನಾಮೆಗೆ ನೆಪ. ಬೈಯುವುದಿದ್ದರೆ ಕ್ಯಾಬಿನ್ನಿನಲ್ಲಿ, ಮುಖ ನೋಡಿ. ರಾತ್ರಿ ಮೆಸೇಜು ಬೇಡವೇ ಬೇಡ.

5. ಕನ್ನಡ ಕಲಿಸುವ ಕೆಲಸ ಹಿರಿಯರಿಗೆ ಕೊಡಿ. ಪಟ್ನಾದಿಂದಲೋ ಗುಂಟೂರಿನಿಂದಲೋ ಬಂದ ಆಫೀಸರಿಗೆ ಮೊದಲು ಬೇಕಾದದ್ದು ಕೌಂಟರಿನ ಕನ್ನಡ: ‘ಪಾಸ್‌ಬುಕ್ ಕೊಡಿ’, ‘ಇಲ್ಲಿ ಸಹಿ ಹಾಕಿ’, ‘ನಾಳೆ ಬನ್ನಿ’. ಕೊನೆಯದನ್ನು ಹೇಳುವಾಗ ಕಾರಣವನ್ನೂ ಹೇಳಲು ಕಲಿಸಿ. ಗ್ರಾಹಕರಿಗೆ ಕನ್ನಡದಲ್ಲಿ ಸೇವೆ ಸಿಗಲೇಬೇಕು. ಜೊತೆಗೆ, ಹೊಸ ಸಾಫ್ಟ್‌ವೇರ್ ಮುಂದೆ ಪೆಚ್ಚಾಗಿ ಕೂರುತ್ತಿದ್ದ ಹಿರಿಯರು ಶಾಖೆಯಲ್ಲಿ ಮತ್ತೆ ಮೇಷ್ಟ್ರಾಗುತ್ತಾರೆ.

6. ನಿವೃತ್ತಿಗೆ ಆರು ತಿಂಗಳಿರುವಾಗಲೇ ಹಸ್ತಾಂತರ ಶುರುಮಾಡಿ. ಯಾವ ಹಳೆಯ ಸಾಲದ ಕಡತ ಯಾವ ಬೀರುವಿನಲ್ಲಿದೆ, ಯಾವ ಜಂಟಿ ಖಾತೆಯ ಅಣ್ಣತಮ್ಮಂದಿರಿಗೆ ಮಾತು ಬಿಟ್ಟಿದೆ, ಯಾವ ರೈತ ಅಡಿಕೆ ಮಾರಿದ ಮೇಲೆ ತಾನಾಗಿ ಬಂದು ಕಟ್ಟುತ್ತಾನೆ – ಇವು ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ವ್ಯವಹಾರದ ಹೊತ್ತು ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆ ಇಬ್ಬರನ್ನೂ ಇದಕ್ಕೆಂದೇ ಕೂರಿಸಿ. ಕಿರಿಯರು ಬರೆದುಕೊಳ್ಳಲಿ, ಹಿರಿಯರು ತಿದ್ದಲಿ, ಆ ಹೊತ್ತಿನಲ್ಲಿ ಇಬ್ಬರಿಗೂ ಬೇರೆ ಕೆಲಸ ಹೇಳಬೇಡಿ.