ಕಣ್ಣಿನ ಡಾಕ್ಟರರ ಬೋರ್ಡನ್ನು ಓದಿಕೊಳ್ಳಿರಿ



ಗೊಬ್ಬರದ ಚೀಲ ಕೊಳ್ಳುವಾಗ ನೀವು ಅದರ ಮೇಲಿನ ಮೂರು ಅಂಕಿಗಳನ್ನು ನೋಡಿಯೇ ಕೊಳ್ಳುವಿರಿ. 17-17-17 ಎಂದಿದ್ದರೆ ಅದರಲ್ಲಿ ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಎಂಬುದು ಅಕ್ಷರ ಬಾರದ ಹಿರಿಯರಿಗೂ ಈಗ ತಿಳಿದಿದೆ. ಆದರೆ ಕಣ್ಣಿನ ಡಾಕ್ಟರರ ಬಾಗಿಲಲ್ಲಿ ತೂಗುವ ಬೋರ್ಡಿನಲ್ಲಿ ಹೆಸರಿನ ಮುಂದೆ ಬರೆದಿರುವ ಅಕ್ಷರಗಳನ್ನು ಓದಿ ಒಳಗೆ ಹೋಗುವವರು ನಮ್ಮಲ್ಲಿ ಬಹಳ ಕಡಿಮೆ. ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದರೂ ಈ ಸಂಚಿಕೆಯಲ್ಲಿ ಬೀಜ ಗೊಬ್ಬರದ ಮಾತನ್ನು ಬಿಟ್ಟು ಈ ವಿಷಯವನ್ನು ಬರೆಯುವುದಕ್ಕೆ ಒಂದು ಕಾರಣವಿದೆ.

ಎರಡು ವರ್ಷಗಳ ಹಿಂದೆ ಕಾರ್ತಿ ಬೆಳೆಯ ಕೊಯ್ಲಿನಲ್ಲಿ ನನ್ನ ಸೋದರಮಾವನ ಎಡಗಣ್ಣಿಗೆ ಭತ್ತದ ತೆನೆ ಚುಚ್ಚಿತು. ನಾನು ಆಗ ಅದೇ ಗದ್ದೆಯ ಅಂಚಿನಲ್ಲಿ ನಿಂತಿದ್ದೆ. "ಮಾವ, ಡಾಕ್ಟರರಿಗೆ ತೋರಿಸುವ" ಎಂದೆ. "ಎಂತ ಆತಿಲ್ಲೆ ಮಾಣಿ, ನಾಕ್ ದಿನದಂಗೆ ಗುಣ ಆತ್ತ್" ಎಂದರು. ನಾನೂ ಒತ್ತಾಯಿಸಲಿಲ್ಲ. ಆ ರಾತ್ರಿ ಕಣ್ಣಿಗೆ ಹರಳೆಣ್ಣೆ ಬಿಟ್ಟರು. ಮೂರನೆಯ ದಿನ ಒಂದು ಮೆಡಿಕಲ್ ಅಂಗಡಿಯಿಂದ ಹನಿಮದ್ದು ತಂದರು. ಅದನ್ನು ಹಾಕಿದೊಡನೆ ಉರಿ, ಕೆಂಪು ಎರಡೂ ತಗ್ಗಿತು. ಎಲ್ಲರಿಗೂ ಸಮಾಧಾನವಾಯಿತು. ಒಂಬತ್ತನೆಯ ದಿನ ಕಣ್ಣಿನ ಕಪ್ಪು ಭಾಗದ ನಡುವೆ ಬಿಳಿ ಮಚ್ಚೆಯೊಂದು ಎದ್ದು ಕಂಡಿತು. ಅಂಗಡಿಯಿಂದ ತಂದದ್ದು ಸ್ಟಿರಾಯ್ಡ್ ಸೇರಿದ ಮದ್ದು ಎಂಬುದು ನಮಗೆ ಆಮೇಲೆ ತಿಳಿಯಿತು. ಮಾವ ಈಗ ಒಂದೇ ಕಣ್ಣಿನಲ್ಲಿ ಗದ್ದೆ ನೋಡುತ್ತಾರೆ.

ಆದಕಾರಣ ಬೋರ್ಡಿನ ಮಾತಿಗೆ ಬರೋಣ. ನಾವು ಸಾಮಾನ್ಯವಾಗಿ "ಕಣ್ಣು ತೋರಿಸಿ ಬಂದೆ" ಎನ್ನುತ್ತೇವೆ. ಯಾರಿಗೆ ತೋರಿಸಿದಿರಿ ಎಂದು ಕೇಳಿದರೆ ಉತ್ತರ ಮೂರು ಬಗೆಯದಾಗಿರಬಹುದು. ಕನ್ನಡಕದ ಅಂಗಡಿಯವರು ಚೀಟಿಯಲ್ಲಿ ಬರೆದ ನಂಬರಿಗೆ ಸರಿಯಾಗಿ ಗಾಜು ಕೂರಿಸಿ ಕೊಡುವವರು. ಅವರ ಕೆಲಸ ಅಲ್ಲಿಗೆ ಮುಗಿಯಿತು. ಎರಡನೆಯವರು ದೃಷ್ಟಿ ಪರೀಕ್ಷಕರು, ಅಂದರೆ ಆಪ್ಟೊಮೆಟ್ರಿಸ್ಟರು. ಇವರು ದೃಷ್ಟಿಯನ್ನು ಅಳೆಯುವುದಕ್ಕೆಂದೇ ಪ್ರತ್ಯೇಕ ಪದವಿ ಅಥವಾ ಡಿಪ್ಲೊಮಾ ಓದಿರುತ್ತಾರೆ. ಮಣಿಪಾಲದಲ್ಲಿಯೂ ಈ ಶಿಕ್ಷಣ ಉಂಟು. ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನೇ ಹೋಲುವ ಕೆಲಸ ಮಾಡುವವರನ್ನು ನೇತ್ರಾಧಿಕಾರಿಗಳು ಎನ್ನುವರು. ಅಕ್ಷರದ ಪಟ ತೋರಿಸಿ ನಂಬರು ತೆಗೆಯುವುದು, ಪೊರೆ ಬಂದಿದೆಯೇ ಎಂದು ಮೊದಲ ನೋಟದಲ್ಲಿ ಗುರುತಿಸುವುದು, ಇವೆಲ್ಲ ಅವರಿಗೆ ಚೆನ್ನಾಗಿ ಬರುತ್ತದೆ. ಅವರು ಆಪರೇಷನ್ ಮಾಡುವವರಲ್ಲ. ಮೂರನೆಯವರೇ ಕಣ್ಣಿನ ಡಾಕ್ಟರರು.

ಕಣ್ಣಿನ ಡಾಕ್ಟರರಾಗಬೇಕಾದರೆ ಮೊದಲು ಎಲ್ಲ ಡಾಕ್ಟರರಂತೆ ಎಂ.ಬಿ.ಬಿ.ಎಸ್. ಮುಗಿಸಬೇಕು. ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯುವುದು, ಹೀಗೆ ಒಟ್ಟು ಐದೂವರೆ ವರ್ಷ. ಅದರ ಮೇಲೆ ಕಣ್ಣೊಂದನ್ನೇ ಹಿಡಿದು ಮೂರು ವರ್ಷ ಓದಿದರೆ ಎಂ.ಎಸ್. ಎಂಬ ಪದವಿ. ಡಿ.ಎನ್.ಬಿ. ಎಂದಿದ್ದರೆ ಅದೂ ಮೂರು ವರ್ಷದ, ಅಖಿಲ ಭಾರತ ಮಟ್ಟದ ಪರೀಕ್ಷೆ ಕಟ್ಟಿ ಪಡೆದ ಅರ್ಹತೆ. ಡಿ.ಓ. ಅಥವಾ ಡಿ.ಓ.ಎಂ.ಎಸ್. ಎಂಬುದು ಡಿಪ್ಲೊಮಾ. ನಮ್ಮ ಊರುಗಳಲ್ಲಿ ಬಹುಕಾಲ ಸೇವೆ ಮಾಡಿದ ಹಿರಿಯ ಡಾಕ್ಟರರಲ್ಲಿ ಅನೇಕರು ಇದನ್ನು ಓದಿದವರು. ಡಿಪ್ಲೊಮಾ ಎಂದೊಡನೆ ಕಡಿಮೆ ಎಂದು ತಿಳಿಯಬೇಡಿ. (ನಾನೂ ಡಿಪ್ಲೊಮಾದವನೇ ಆದ್ದರಿಂದ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.) ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಎಂ.ಎಸ್. ಎಂಬ ಅಕ್ಷರ ಹೊಟ್ಟೆಯ ಆಪರೇಷನ್ ಮಾಡುವವರಿಗೂ, ಕಿವಿ ಮೂಗು ಗಂಟಲು ನೋಡುವವರಿಗೂ ಇರುತ್ತದೆ. ಅದರ ಪಕ್ಕದಲ್ಲಿ ನೇತ್ರ ಎಂದೋ ಆಫ್ತಾಲ್ಮಾಲಜಿ ಎಂದೋ ಬರೆದಿದೆಯೇ ನೋಡಿಕೊಳ್ಳಿ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯೂ ಡಾಕ್ಟರರ ಕೊಠಡಿಯಲ್ಲಿ ಕಾಣುವಂತೆ ಇರತಕ್ಕದ್ದು ಎಂಬ ನಿಯಮವಿದೆ. ಅದನ್ನು ನೋಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಇಷ್ಟು ಓದಿದವರು ಕಣ್ಣಿನ ಸಾಮಾನ್ಯ ರೋಗಗಳನ್ನೆಲ್ಲ ನೋಡಬಲ್ಲರು. ನಮ್ಮಲ್ಲಿ ವಯಸ್ಸಾದವರಿಗೆ ಬರುವ ಪೊರೆಯ ಆಪರೇಷನ್ನನ್ನು ಅವರೇ ಮಾಡುವರು. ಬಿಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. ಊರೂರಿಗೆ ಹೋಗಿ ಶಿಬಿರ ಹೂಡಿ ಬಡವರ ಪೊರೆ ತೆಗೆದ ಆ ಮಹನೀಯರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ದೊರೆಯಿತು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಜೀವಮಾನವಿಡೀ ದಪ್ಪ ಗಾಜಿನ ಕನ್ನಡಕ ಹಾಕಬೇಕಾಗಿತ್ತು. ಈಗ ಪೊರೆಗಟ್ಟಿದ ಮಸೂರವನ್ನು ಸಣ್ಣ ಸೀಳಿನಿಂದ ತೆಗೆದು ಆ ಜಾಗದಲ್ಲಿಯೇ ಕೃತಕ ಮಸೂರ ಕೂರಿಸುತ್ತಾರೆ. ಪೊರೆ ನಿಧಾನದ ರೋಗ. ಕೊಯ್ಲು ಮುಗಿಸಿ, ಮಗಳ ಮದುವೆ ಮುಗಿಸಿ ಹೋದರೂ ಸಾಧಾರಣವಾಗಿ ನಷ್ಟವಿಲ್ಲ. ಎಲ್ಲ ಕಣ್ಣುಬೇನೆಯೂ ಹೀಗೆಯೇ ಕಾಯುತ್ತದೆ ಎಂದು ನಾವು ತಿಳಿದದ್ದೇ ತಪ್ಪಾಯಿತು.

ಎಂ.ಎಸ್. ಆದ ಮೇಲೆಯೂ ಕೆಲವರು ಕಣ್ಣಿನ ಒಂದು ಭಾಗವನ್ನೇ ಆರಿಸಿಕೊಂಡು ಮತ್ತೆ ಒಂದೆರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕಲಿಯುತ್ತಾರೆ. ಇದಕ್ಕೆ ಫೆಲೋಶಿಪ್ ಎನ್ನುವರು. ಬೋರ್ಡಿನಲ್ಲಿ "ರೆಟಿನಾ ತಜ್ಞರು", "ಕಾರ್ನಿಯಾ ತಜ್ಞರು", "ಗ್ಲಾಕೋಮಾ ತಜ್ಞರು" ಎಂದು ಕಾಣುವುದು ಇದನ್ನೇ. ಹೆಬ್ಬೆರಳಿನಷ್ಟು ದೊಡ್ಡದಿಲ್ಲದ ಕಣ್ಣಿಗೆ ಇಷ್ಟು ಜನ ಡಾಕ್ಟರರು ಏಕೆ ಎಂದು ನಗುವವರುಂಟು. ಒಂದು ತೆಂಗಿನ ಮರಕ್ಕೆ ಬೇರಿನ ರೋಗವೂ ಸುಳಿಯ ರೋಗವೂ ಬೇರೆಬೇರೆಯಲ್ಲವೇ?

ರೆಟಿನಾ ಅಂದರೆ ಕಣ್ಣಿನ ಹಿಂಬದಿಯ ಪರದೆ. ಸಕ್ಕರೆ ಕಾಯಿಲೆಯವರಲ್ಲಿ ಈ ಪರದೆಯ ರಕ್ತನಾಳಗಳು ಸದ್ದಿಲ್ಲದೆ ಸೋರತೊಡಗುತ್ತವೆ. ನೋವಿಲ್ಲ, ಕೆಂಪಿಲ್ಲ, ಮೊದಮೊದಲು ದೃಷ್ಟಿಯೂ ಕಡಿಮೆಯಾಗದು. ಕನ್ನಡಕದ ನಂಬರು ಪರೀಕ್ಷಿಸಿದರೆ ಇದು ಗೊತ್ತಾಗುವುದಿಲ್ಲ. ಪಾಪೆಯನ್ನು ಹನಿಮದ್ದಿನಿಂದ ಅಗಲಿಸಿ ಒಳಗೆ ನೋಡಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಿಕೊಳ್ಳತಕ್ಕದ್ದು. ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ಒಂದು ಬದಿಯಿಂದ ಕಪ್ಪು ಪರದೆ ಇಳಿದರೆ ಮಾತ್ರ ವರ್ಷದ ಮಾತಲ್ಲ, ಅದೇ ದಿನ ಹೋಗಬೇಕು. ಇನ್ನೊಂದು ವಿಷಯವನ್ನು ಮನೆಯ ಹೆಂಗಸರಿಗೆ ತಪ್ಪದೆ ತಿಳಿಸಿ. 34 ವಾರ ತುಂಬುವ ಮೊದಲೇ ಹುಟ್ಟಿದ, ಅಥವಾ ಹುಟ್ಟಿದಾಗ 2 ಕಿಲೋಗಿಂತ ಕಡಿಮೆ ತೂಗಿದ ಮಗುವಿನ ರೆಟಿನಾವನ್ನು 30 ದಿನದೊಳಗೆ ತೋರಿಸಬೇಕು. ಮಗು ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಬಾಣಂತನ ಮುಗಿಯಲಿ ಎಂದು ಕಾದರೆ ಹೊತ್ತು ಮೀರುತ್ತದೆ.

ಗ್ಲಾಕೋಮಾ ಎಂಬುದು ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸಾಯುವ ರೋಗ. ಹೋದ ದೃಷ್ಟಿ ಮರಳಿ ಬಾರದು, ಇದ್ದುದನ್ನು ಉಳಿಸಿಕೊಳ್ಳಬಹುದು ಅಷ್ಟೆ. ಅಪ್ಪನಿಗೋ ಅಕ್ಕನಿಗೋ ಇದ್ದರೆ 40 ದಾಟಿದ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಮೆಳ್ಳೆಗಣ್ಣಿನ ಮಕ್ಕಳಿಗೂ, ರೆಪ್ಪೆ ಒಳಮಡಚಿದವರಿಗೂ ಬೇರೆ ತಜ್ಞರಿದ್ದಾರೆ. ಮೆಳ್ಳೆಗಣ್ಣು ಅದೃಷ್ಟವೆಂದು ಮಗುವನ್ನು ಹಾಗೆಯೇ ಬಿಟ್ಟರೆ ಆ ಕಣ್ಣು ನೋಡುವುದನ್ನೇ ಮರೆಯುತ್ತದೆ.

ಈಗ ಕಾರ್ನಿಯಾ. ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಇರುವ ತಿಳಿಪೊರೆಗೆ ಈ ಹೆಸರು. ಗದ್ದೆಯಲ್ಲಿ ದುಡಿಯುವ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದವರು ಇದರ ತಜ್ಞರು. ಭತ್ತದ ಎಲೆ, ತೆನೆಯ ತುದಿ, ಕಬ್ಬಿನ ಗರಿ, ನೆಲಗಡಲೆ ಬಡಿಯುವಾಗ ಹಾರುವ ಹೊಟ್ಟು, ಇವು ಯಾವುವೂ ಶುದ್ಧವಾದ ವಸ್ತುಗಳಲ್ಲ. ಅವುಗಳ ಮೇಲೆ ಬೂಷ್ಟಿನ ಬೀಜಗಳಿರುತ್ತವೆ. ಭತ್ತದ ಬೆಂಕಿರೋಗ ಬೂಷ್ಟಿನಿಂದ ಬರುವುದೆಂಬುದನ್ನು ನೀವು ಬಲ್ಲಿರಿ. ಬೇರೆ ಜಾತಿಯ ಬೂಷ್ಟು ಗೀರು ಬಿದ್ದ ಕಾರ್ನಿಯಾದೊಳಗೆ ಇಳಿದು ಅಲ್ಲಿ ಬೆಳೆಯುತ್ತದೆ, ಹುಣ್ಣಾಗುತ್ತದೆ. ಹುಣ್ಣು ಮಾಗಿದ ಮೇಲೆ ಉಳಿಯುವ ಬಿಳಿ ಕಲೆಯನ್ನೇ ನಮ್ಮ ಹಿರಿಯರು "ಕಣ್ಣಿಗೆ ಹೂ ಬಿತ್ತು" ಎನ್ನುತ್ತಿದ್ದರು.

ಇಲ್ಲಿ ಡಾಕ್ಟರರು ಮಾಡುವ ಕೆಲಸ ನಮ್ಮ ಮಣ್ಣು ಪರೀಕ್ಷೆಯಂತೆಯೇ ಇದೆ. ಹುಣ್ಣಿನಿಂದ ಚೂರೇ ಚೂರು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೂಷ್ಟೋ ಬ್ಯಾಕ್ಟೀರಿಯವೋ ಎಂದು ತಿಳಿದ ಮೇಲೆಯೇ ಮದ್ದು. ಬೂಷ್ಟಾದರೆ ಗಂಟೆಗೊಮ್ಮೆ ಹನಿ ಹಾಕಬೇಕು, ವಾರಗಟ್ಟಲೆ ಹಾಕಬೇಕು. ಪರೀಕ್ಷೆ ಇಲ್ಲದೆ ಸ್ಟಿರಾಯ್ಡ್ ಹನಿ ಹಾಕಿದರೆ ಕೆಂಪು ಇಳಿಯುತ್ತದೆ, ಆದರೆ ಕಣ್ಣಿನ ಕಾವಲು ಶಕ್ತಿಯೂ ಇಳಿಯುತ್ತದೆ, ಬೂಷ್ಟು ಹುಲುಸಾಗುತ್ತದೆ. ನನ್ನ ಮಾವನಿಗೆ ಸಮಾಧಾನವಾದ ಆ ದಿನಗಳೇ ಕಣ್ಣು ಕಳೆದ ದಿನಗಳು. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಇವುಗಳಿಂದಲೂ ಗೀರಿಗೆ ಹೊಸ ಸೋಂಕು ಸೇರಬಹುದು.

ಹೊತ್ತಿಗೆ ಎಷ್ಟು ಬೆಲೆ ಎಂಬುದಕ್ಕೆ ನೇಪಾಳದ ಭಕ್ತಪುರದ ಉದಾಹರಣೆ ನೋಡಿ. ಅಲ್ಲಿ ಹಳ್ಳಿಯ ಆರೋಗ್ಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಕಣ್ಣಿಗೆ ಗೀರು ಬಿದ್ದವರಿಗೆ ಮೂರು ದಿನ ಸೋಂಕು ತಡೆಯುವ ಮುಲಾಮು ಹಾಕುವಂತೆ ಮಾಡಿದರು. ಅದರ ವರದಿ 2001ರಲ್ಲಿ ಪ್ರಕಟವಾಯಿತು. ಪೆಟ್ಟಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾಗಿ ಬಂದವರಲ್ಲಿಯೇ ಹುಣ್ಣಾಯಿತು. 18 ಗಂಟೆ ಅಂದರೆ ಸಂಜೆ ಪೆಟ್ಟಾದರೆ ಮಾರನೆಯ ದಿನ ಮಧ್ಯಾಹ್ನದೊಳಗೆ ಎಂದಾಯಿತು. ನಾವುಂದದಲ್ಲಿ ಬಸ್ಸು ಹತ್ತಿದರೆ ಕುಂದಾಪುರ ಮುಕ್ಕಾಲು ಗಂಟೆಯ ದಾರಿ. ಮೊದಲು ಹತ್ತಿರದ ಕಣ್ಣಿನ ಡಾಕ್ಟರರಿಗೆ ತೋರಿಸಿ. ಅವರು "ಕಾರ್ನಿಯಾ ತಜ್ಞರಲ್ಲಿಗೆ ಹೋಗಿ" ಎಂದು ಚೀಟಿ ಬರೆದರೆ, "ಇವರಿಗೆ ತಿಳಿಯಲಿಲ್ಲ" ಎಂದುಕೊಳ್ಳಬೇಡಿ. ಹಾಗೆ ಬರೆದುಕೊಡುವವರೇ ತಿಳಿದವರು. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನೇತ್ರ ವಿಭಾಗವಿದೆ. ಉಡುಪಿಯಲ್ಲಿ ಕಣ್ಣಿಗೆಂದೇ ಇರುವ ಪ್ರಸಾದ್ ನೇತ್ರಾಲಯವಿದೆ. ಬೆಂಗಳೂರಿನಲ್ಲಿ ಸರಕಾರದ ಮಿಂಟೊ ಆಸ್ಪತ್ರೆಯಿದೆ.

ಹೂ ಬಿದ್ದ ಕಣ್ಣಿಗೆ ಕೊನೆಯ ಉಪಾಯ ಸತ್ತವರು ದಾನ ಕೊಟ್ಟ ಕಾರ್ನಿಯಾವನ್ನು ಹೊಲಿಯುವುದು. ಕಾರ್ನಿಯಾ ಕಸಿಯನ್ನು ಮನುಷ್ಯನ ಕಣ್ಣಿನಲ್ಲಿ ಮೊದಲು ಸಾಧಿಸಿದವರು ಎಡ್ವರ್ಡ್ ಜಿರ್ಮ್ ಎಂಬ ಡಾಕ್ಟರರು, ಯುರೋಪಿನ ಓಲೊಮೌಟ್ಸ್ ಪಟ್ಟಣದಲ್ಲಿ, 1905ರ ಡಿಸೆಂಬರ್ 7ರಂದು. ಆ ರೋಗಿ ಯಾವ ರಾಜನೂ ಅಲ್ಲ. ಸುಣ್ಣ ಬಿದ್ದು ಎರಡೂ ಕಣ್ಣು ಕೆಟ್ಟಿದ್ದ ಒಬ್ಬ ಕೂಲಿಕಾರ. ನಮ್ಮಲ್ಲಿ 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರರ ಕಣ್ಣುಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದವರು ಪಡೆದು, ಪ್ರತಿ ಕಾರ್ನಿಯಾದ ಮೇಲಿನ ಪದರವನ್ನು ಒಬ್ಬರಿಗೆ, ಒಳಪದರವನ್ನು ಇನ್ನೊಬ್ಬರಿಗೆ ಕೂರಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಕಾಗದಕ್ಕಿಂತ ಬಹಳ ದಪ್ಪವಲ್ಲದ ಪೊರೆಯನ್ನು ಹೀಗೆ ಪದರವಾಗಿ ಬಿಡಿಸುವ ಕೈ, ಆ ಮೇಲಿನ ತರಬೇತಿಯಿಂದ ಬರುವಂಥದು.

ಸುಣ್ಣದ ಮಾತು ಬಂತು. ಮಳೆಗಾಲದ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಮಾಡುವಾಗ 1 ಕಿಲೋ ಮೈಲುತುತ್ತಕ್ಕೆ 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ನಾನೇ ನಿಮಗೆ ಹಲವು ಬಾರಿ ಹೇಳಿದ್ದೇನೆ. ಸುಣ್ಣ ಕಣ್ಣಿಗೆ ಹಾರಿದರೆ ಏನು ಮಾಡಬೇಕೆಂಬುದನ್ನು ಮಾತ್ರ ಹೇಳಿರಲಿಲ್ಲ. ಡಾಕ್ಟರರನ್ನು ಹುಡುಕಿ ಓಡುವ ಮೊದಲು ಅಲ್ಲಿಯೇ ನಿಂತು, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಅರ್ಧ ಗಂಟೆ ಬಿಡದೆ ಸುರಿಯಿರಿ. ಸುಣ್ಣದ ಹರಳು ರೆಪ್ಪೆಯಡಿ ಉಳಿದರೆ ಸುಡುತ್ತಲೇ ಇರುತ್ತದೆ. ಆಮೇಲೆ ಹೊರಡಿ. ಹುಲ್ಲು ಕತ್ತರಿಸುವ ಯಂತ್ರದಿಂದ ಕಲ್ಲಿನ ಅಥವಾ ತಂತಿಯ ಚೂರು ಸಿಡಿದು ಕಣ್ಣಿಗೆ ನಾಟಿದರೆ ಇದಕ್ಕೆ ವಿರುದ್ಧ. ತೊಳೆಯಬೇಡಿ, ಉಜ್ಜಬೇಡಿ, ಕೀಳಬೇಡಿ. ಒತ್ತದಂತೆ ಮೇಲೊಂದು ಲೋಟವನ್ನು ಕವಿಚಿ ಹಿಡಿದು ಕರೆದುಕೊಂಡು ಹೋಗಿ. ಸಿಂಪಡಣೆಗೂ ಯಂತ್ರದ ಕೆಲಸಕ್ಕೂ ಮೊದಲೇ ರಕ್ಷಣೆಯ ಕನ್ನಡಕ ಹಾಕಿಕೊಂಡಿದ್ದರೆ ಇಷ್ಟೆಲ್ಲ ಬೇಕಾಗದು.

ಡಾಕ್ಟರರಲ್ಲಿಗೆ ಹೋಗುವಾಗ ಹಿಂದಿನ ಚೀಟಿಗಳನ್ನೂ, ಅಲ್ಲಿಯವರೆಗೆ ಕಣ್ಣಿಗೆ ಹಾಕಿದ ಮದ್ದಿನ ಬಾಟ್ಲಿಯನ್ನೂ ಜತೆಗೆ ಒಯ್ಯಿರಿ. ಎಣ್ಣೆ ಬಿಟ್ಟಿದ್ದರೆ ನಾಚದೆ ಹೇಳಿ. ಪಾಪೆ ಅಗಲಿಸುವ ಹನಿ ಹಾಕಿದರೆ ಕೆಲವು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಆ ದಿನ ಬೈಕು ಬಿಡುವುದು ಬೇಡ, ಮನೆಯವರೊಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿಯೇ ಹೋಗಿಬನ್ನಿ.